ಮನೆಯವರಿಗೆ ಬಿಟ್ಟಿದ್ದೇನೆ

ನನ್ನ ಬಿಳಿ ಅಂಗಿಗಳಿಗೆಲ್ಲ ಎಡಗಡೆಯ ಕಿಸೆಯ ತಳದಲ್ಲಿ ಒಂದೊಂದು ಕೆಂಪು ಕಲೆ ಇದೆ. ನೋಡಿದವರಿಗೆ ನಾನು ಎದೆಗೆ ಗುಂಡು ತಿಂದೂ ಬದುಕಿ ಬಂದವನ ಹಾಗೆ ಕಾಣುತ್ತೇನೆ. ಅಂಥ ಶೂರತನ ನನ್ನ ಜಾತಕದಲ್ಲಿ ಇಲ್ಲ. ಅದು ಕೆಂಪು ಪೆನ್ನು ಸೋರಿದ ಗುರುತು. ಬೆಳಗಾವಿಯ ಒಂದು ಗಲ್ಲಿಯ ಸಣ್ಣ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗಳ ಪ್ರೂಫ್ ತಿದ್ದುತ್ತ ತಿದ್ದುತ್ತ ನನ್ನ ತಲೆ ಬೆಳ್ಳಗಾಯಿತು. ಈಗ ಜನ ಮದುವೆಗೆ ಫೋನಿನಲ್ಲೇ ಕರೆಯುತ್ತಾರೆ, ತಪ್ಪಿದ್ದರೆ ಅಳಿಸಿ ಇನ್ನೊಂದು ಕಳಿಸುತ್ತಾರೆ. ನನಗೆ ವಾರಕ್ಕೆ ಎರಡು ದಿನದ ಕೆಲಸವಿದ್ದರೆ ಹೆಚ್ಚು. ಆದರೂ ಕೆಂಪು ಪೆನ್ನಿಲ್ಲದೆ ಹೊರಗೆ ಕಾಲಿಟ್ಟರೆ ಚಪ್ಪಲಿ ಮರೆತು ಬಂದಂತೆ ಆಗುತ್ತದೆ.

ಈ ಚಟದಿಂದ ನಾನು ಗಳಿಸಿದ ಮರ್ಯಾದೆಯ ಒಂದು ಮಾದರಿ ಹೇಳುತ್ತೇನೆ, ಕೇಳಿ. ಮೊನ್ನೆ ಕುಂದಾ ಕೊಳ್ಳಲು ಒಂದು ಮಿಠಾಯಿ ಅಂಗಡಿಗೆ ಹೋಗಿದ್ದೆ. ಗಾಜಿನ ಕಪಾಟಿನ ಮೇಲೆ ಒಂದು ಚೀಟಿ ಅಂಟಿಸಿದ್ದರು: ‘ಗಾಜಿಗೆ ಮುಟ್ಟಬೇಡಿರಿ.’ ನನಗೆ ಮೈಯೆಲ್ಲ ತುರಿಸಿದಂತಾಯಿತು. ಕುಂದಾ ಮರೆತೆ. ಪೆನ್ನು ತೆಗೆದು, ‘ಗೆ’ ಹೊಡೆದು ಹಾಕಿ, ‘ಅನ್ನು’ ಬರೆಯಲು ಅನುಕೂಲವಾಗಲೆಂದು ಎಡಗೈಯನ್ನು ಗಾಜಿನ ಮೇಲೆ ಊರಿದೆ. ಒಳಗಿನಿಂದ ಮಾಲೀಕ ಕೂಗಿದ: “ಕಾಕಾ, ಮುಟ್ಟಬ್ಯಾಡ್ರಿ ಅಂತ ಅಷ್ಟು ದೊಡ್ಡದಾಗಿ ಬರದೇವಿ. ಓದಾಕ ಬರಂಗಿಲ್ಲೇನ್ರೀ?”

ಓದಲು ಬರುವುದಿಲ್ಲವೇ! ನನಗೆ! ಅರ್ಧ ಕಿಲೋ ಬದಲು ಒಂದು ಕಿಲೋ ಕುಂದಾ ಕಟ್ಟಿಸಿಕೊಂಡು, ತಲೆ ತಗ್ಗಿಸಿ ಹೊರಬಂದೆ. ಹಾದಿಯುದ್ದಕ್ಕೂ ಯೋಚಿಸಿದೆ: ಆ ಅಂಗಡಿಯವನು ಹೇಳಿದ್ದರಲ್ಲಿ ತಪ್ಪೇನಿತ್ತು? ಆ ಎರಡು ಪ್ರತ್ಯಯಗಳ ನಡುವೆ ಸಿಕ್ಕಿಕೊಂಡು ನಾನು ಹಿಂದೆಯೂ ಒಮ್ಮೆ ಓದಲು ಬಾರದವನೇ ಆಗಿದ್ದೆ. ಆಗ ಹೋಗಲಿದ್ದದ್ದು ಮರ್ಯಾದೆ ಮಾತ್ರ ಆಗಿರಲಿಲ್ಲ.

ವಿಭಕ್ತಿಯ ಹುಚ್ಚು ನನಗೆ ಹತ್ತಿದ್ದು ನಮ್ಮೂರು ಕಾಕತಿಯ ಸಾಲೆಯಲ್ಲಿ. ನಮ್ಮ ಗುರುಗಳು ಉ, ಅನ್ನು, ಇಂದ, ಗೆ ಎಂದು ಭಜನೆಯ ಧಾಟಿಯಲ್ಲಿ ಹೇಳಿಸುತ್ತಿದ್ದರು. ಪುಸ್ತಕದಲ್ಲಿ ದೇವರ ಹೆಸರಿಗೆ ಪ್ರತ್ಯಯ ಹಚ್ಚಿರುತ್ತಿದ್ದರು. ಗುರುಗಳಿಗೆ ಅದು ದೂರವೆನಿಸಿತೋ ಏನೋ, “ನಿಮ್ಮನ್ಯಾಗ ಏನೈತಿ, ಅದಕ್ಕ ಹಚ್ಚಿ ತರ್ರಿ” ಎಂದರು. ನಮ್ಮ ಮನೆಯಲ್ಲಿ ಎಮ್ಮೆ ಇತ್ತು. ನಾನು ಹಿತ್ತಲಲ್ಲಿ ಅದರ ಮುಂದೆ ನಿಂತು ಎಮ್ಮೆಯು, ಎಮ್ಮೆಯನ್ನು, ಎಮ್ಮೆಯಿಂದ, ಎಮ್ಮೆಗೆ, ಎಮ್ಮೆಯ ದೆಸೆಯಿಂದ ಎಂದು ಕೂಗುತ್ತಿದ್ದೆ. ಕೊನೆಗೆ ‘ಎಲೈ ಎಮ್ಮೆಯೇ’ ಎಂದಾಗ ಮಾತ್ರ ಅದು ಕಿವಿ ಅಲ್ಲಾಡಿಸುತ್ತಿತ್ತು. ಅವ್ವ ಒಳಗಿನಿಂದ, “ಎಮ್ಮಿಗೆ ಹಚ್ಚೂದು ಮುಗದಿದ್ರ ಒಂದ ಬುಟ್ಟಿ ಹೊಟ್ಟು ಹಾಕೋ” ಎನ್ನುತ್ತಿದ್ದಳು.

ಕರ್ತೃ ಮಾಡಿದ ಕೆಲಸದ ಫಲ ಯಾರ ಮೇಲೆ ಬೀಳುತ್ತದೋ ಅದು ಕರ್ಮ, ಅದಕ್ಕೆ ಹತ್ತುವುದು ದ್ವಿತೀಯಾ ವಿಭಕ್ತಿ, ಅಂದರೆ ‘ಅನ್ನು’. ಈ ಪಾಠವನ್ನು ಅವ್ವನಿಗೂ ಒಪ್ಪಿಸಿದೆ. ಅವಳು ಸಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕೇಳಿ, ಸ್ವಲ್ಪ ಯೋಚಿಸಿ, “ನಿಮ್ಮಪ್ಪ ನನಗೊಂದು ಮಾತು ಹೇಳದ ಈ ಒದಿಯೂ ಎಮ್ಮಿ ತಂದ. ದಿನಾ ಒದಿಸ್ಕೊಳ್ಳಾಕಿ ನಾನು. ಹಂಗಾರ ನಾನ ಕರ್ಮ ಅಲ್ಲೇನೋ?” ಎಂದಳು. ಇಷ್ಟು ಚೊಕ್ಕವಾದ ಉದಾಹರಣೆ ನನಗೆ ಆಮೇಲೆ ಯಾವ ವ್ಯಾಕರಣದಲ್ಲೂ ಸಿಗಲಿಲ್ಲ.

ಈ ‘ಅನ್ನು’ವಿನ ಸ್ವಭಾವವೂ ಮಜವಾಗಿದೆ. ಚಹಾ ಕುಡಿದೆ, ಅಂಗಿ ಒಗೆದೆ, ಬಸ್ಸು ಹಿಡಿದೆ ಎಂದರೆ ಸಾಕು. ‘ಚಹಾವನ್ನು ಕುಡಿದೆನು’ ಎಂದರೆ ಪಕ್ಕದಲ್ಲಿದ್ದವರು ಭಾಷಣ ಶುರುವಾಯಿತೆಂದು ಎದ್ದು ಹೋಗುತ್ತಾರೆ. ಮನುಷ್ಯರ ವಿಷಯಕ್ಕೆ ಬಂದಾಗ ಹಾಗಲ್ಲ. ‘ಅವ್ವ ಕರೆದೆ’ ಎಂದರೆ ಯಾರು ಯಾರನ್ನು ಕರೆದರೆಂಬುದೇ ತಿಳಿಯುವುದಿಲ್ಲ. ವಸ್ತುಗಳು ಬರಿಮೈಯಲ್ಲೇ ವಾಕ್ಯದೊಳಗೆ ಬಂದು ಕೂರಬಹುದು, ಮನುಷ್ಯರಿಗೆ ಮಾತ್ರ ಮೈಮೇಲೆ ಒಂದು ‘ಅನ್ನು’ ಬೇಕು. ಇದು ಮನುಷ್ಯರಿಗೆ ಕನ್ನಡ ಕೊಡುವ ಮರ್ಯಾದೆ ಎಂದು ನಾನು ಬಹಳ ಕಾಲ ಕಂಡಕಂಡವರಿಗೆಲ್ಲ ಹೇಳುತ್ತಿದ್ದೆ. ಕಂಡಕಂಡವರು ನನ್ನನ್ನು ಕಂಡರೆ ಬಾಜೂ ಗಲ್ಲಿಗೆ ಹೊರಳುತ್ತಿದ್ದರು.

ನಮ್ಮ ಖಾನಾಪುರದ ಕಡೆಯವರಿಗೆ ಈ ‘ಅನ್ನು’ ನಾಲಿಗೆಗೆ ಹತ್ತುವುದಿಲ್ಲ. ಅವರಲ್ಲಿ ಬಹಳ ಮಂದಿಯ ಮನೆಮಾತು ಮರಾಠಿ. ಮರಾಠಿಯಲ್ಲಿ ‘ಲಾ’ ಎಂಬ ಒಂದೇ ಪ್ರತ್ಯಯ ‘ಅವನಿಗೆ’ ಎನ್ನುವಲ್ಲಿಯೂ ದುಡಿಯುತ್ತದೆ, ‘ಅವನನ್ನು’ ಎನ್ನುವಲ್ಲಿಯೂ ದುಡಿಯುತ್ತದೆ. ಅದೇ ರೂಢಿಯಲ್ಲಿ ಅವರು ಕನ್ನಡದ ಬಡಪಾಯಿ ‘ಗೆ’ಯಿಂದಲೂ ಎರಡಾಳಿನ ಕೆಲಸ ಮಾಡಿಸುತ್ತಾರೆ. ‘ನಾ ಅವನಿಗೆ ನೋಡಿದೆ’, ‘ಅಕಿಗೆ ಕರಕೊಂಡು ಬಾ’. ಸುರೇಖಾ ಆಡುತ್ತಿದ್ದದ್ದು ಇಂಥ ಕನ್ನಡ.

ಸುರೇಖಾ ನಮ್ಮ ಪ್ರೆಸ್ಸಿನಲ್ಲಿ ಮರಾಠಿ ಪತ್ರಿಕೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುತ್ತಿದ್ದ ಹುಡುಗಿ. ಊರು ಖಾನಾಪುರದ ಹತ್ತಿರದ ಒಂದು ಹಳ್ಳಿ; ಅಲ್ಲಿಂದ ಖಾನಾಪುರಕ್ಕೆ ನಡೆದು ಬಂದು ದಿನಾ ಬಸ್ಸು ಹಿಡಿಯುತ್ತಿದ್ದಳು. ನಮ್ಮಲ್ಲಿ ಎಷ್ಟೋ ಪತ್ರಿಕೆಗಳು ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಮರಾಠಿ. ಹಾಗಾಗಿ ನಮ್ಮಿಬ್ಬರ ಮೇಜುಗಳೂ ಅಕ್ಕಪಕ್ಕ. ಲಗ್ನಪತ್ರಿಕೆಯ ವಾಕ್ಯ ನಿಮಗೆ ಗೊತ್ತೇ ಇದೆ: ‘ನಮ್ಮ ಮಗಳನ್ನು ಇಂಥವರ ಮಗನಿಗೆ ಕೊಟ್ಟು ವಿವಾಹ ಮಾಡಲು ನಿಶ್ಚಯಿಸಿ...’ ಮಗಳು ಯಾವಾಗಲೂ ದ್ವಿತೀಯೆ, ಮಗ ಯಾವಾಗಲೂ ಚತುರ್ಥಿ, ಅಂದರೆ ‘ಗೆ’. ಒಂದು ದಿನ ಆ ವಾಕ್ಯವನ್ನು ಇನ್ನಷ್ಟು ಚೆಂದ ಮಾಡುವ ಉಮೇದಿನಲ್ಲಿ ನಾನು ಹಿಂದುಮುಂದು ಮಾಡಿದೆ. ಪ್ರತ್ಯಯಗಳು ಅದಲುಬದಲಾದವು. ‘ನಮ್ಮ ಮಗಳಿಗೆ ಇಂಥವರ ಮಗನನ್ನು ಕೊಟ್ಟು’ ಎಂದಾಯಿತು. ನನಗೆ ಕಾಣಲಿಲ್ಲ. ಸುರೇಖಾ ಬಗ್ಗಿ ನೋಡಿ, “ಸರ್, ಇಲ್ಲಿ ಹುಡುಗಗ ಕೊಡಾಕತ್ತಾರ ನೋಡ್ರಿ” ಎಂದಳು.

ಹುಡುಗನನ್ನೇ ಕೊಡುತ್ತಿದ್ದಾರೆ ಎಂಬುದು ಅವಳ ಮಾತಿನ ಅರ್ಥ. ನಾನು ಕನ್ನಡಕದ ಮೇಲಿಂದ ನೋಡಿ, “ಮತ್ತ ಹುಡುಗಗ ಕೊಡದ ಇನ್ಯಾರಿಗೆ ಕೊಡ್ತಾರವಾ?” ಎಂದೆ. ಪ್ರೂಫಿನ ಕೆಳಗೆ ನನ್ನ ಮಾಮೂಲಿ ಷರಾ ಬರೆದು ಸಹಿ ಹಾಕಿದೆ: ‘ತಿದ್ದುಪಡಿ ಇಲ್ಲ.’

ನಾಲ್ಕು ದಿನದ ಮೇಲೆ ಮದುವೆಯ ಹುಡುಗಿಯ ಅಪ್ಪ ಪತ್ರಿಕೆಗಳ ಗಂಟನ್ನು ನನ್ನ ಮೇಜಿನ ಮೇಲೆ ಕುಕ್ಕಿ, “ನಾವೇನ ಮನಿ ಅಳ್ಯಾನ ತರಾಕತ್ತೇವೇನ್ರೀ?” ಎಂದು ಶುರು ಮಾಡಿದರು. ಮಾಲೀಕರು ಅವರಿಗಿಂತ ದೊಡ್ಡ ದನಿಯಲ್ಲಿ ಮುಂದುವರಿಸಿದರು. ಎಲ್ಲ ಮುಗಿದ ಮೇಲೆ ಸುರೇಖಾ ಮೆಲ್ಲಗೆ, “ನಾ ಅವತ್ತ ಹೇಳಿದ್ನಲ್ರೀ, ಹುಡುಗಗ ಕೊಡಾಕತ್ತಾರಂತ” ಎಂದಳು. ಅಂದೇ ನಾನು ಒಂದು ಪಾಠ ಕಲಿಯಬೇಕಾಗಿತ್ತು. ಕಲಿಯಲಿಲ್ಲ, ಕಲಿಸತೊಡಗಿದೆ.

ಮಧ್ಯಾಹ್ನ ಚಹಾದ ಹೊತ್ತಿಗೆ ಅವಳು ಹಳೆಯ ಪ್ರೂಫಿನ ಹಿಂದೆ ಹತ್ತು ಕನ್ನಡ ವಾಕ್ಯ ಬರೆಯುವುದು, ನಾನು ಕೆಂಪು ಮಾಡುವುದು. ಒಂದು ವರ್ಷ ಹೀಗೇ ನಡೆಯಿತು. ಒಂದು ದಿನ ‘ನಾನು ಸರ್‌ಗೆ ದಿನಾ ನೋಡುತ್ತೇನೆ’ ಎಂದು ಬರೆದಿದ್ದಳು. ‘ಸರ್ ಅವರನ್ನು’ ಎಂದು ತಿದ್ದಿ ಕೊಟ್ಟೆ. ಅವಳು ಕಾಗದವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, “ಅನ್ನು ಹಚ್ಚಿ ನೋಡಿದ್ರ ನೀವೇನ ಬ್ಯಾರೆ ಕಾಣ್ತೀರೇನ್ರೀ?” ಎಂದಳು. ಅವತ್ತು ಪೆನ್ನಿಗೆ ಮುಚ್ಚಳ ಹಾಕದೆ ಕಿಸೆಯಲ್ಲಿಟ್ಟುಕೊಂಡು ಒಂದು ಹೊಸ ಅಂಗಿ ಕಳೆದುಕೊಂಡೆ.

ಮುಂದಿನದನ್ನು ನೀವು ಊಹಿಸಿರುತ್ತೀರಿ. ನಮ್ಮ ಮದುವೆಗೆ ಅವ್ವ ಒಪ್ಪಲಿಲ್ಲ. “ಅವರ ಮಾತು ಬ್ಯಾರೆ, ಹಬ್ಬ ಬ್ಯಾರೆ. ನಮ್ಮನ್ಯಾಗ ಮೀನಿನ ಹೆಸರ ಎತ್ತಂಗಿಲ್ಲ. ಬ್ಯಾಡ” ಎಂದಳು. ಸುರೇಖಾಳ ಮನೆಯಲ್ಲಿ ಅದಕ್ಕಿಂತ ಬಿರುಸು. ಅವಳಿಗೆ ಒಂದು ವರ ಗೊತ್ತು ಮಾಡಿ, ಕೆಲಸ ಬಿಡು ಎಂದರು. ಕೊನೆಯ ದಿನ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ನಾನು, “ಇದು ನಿನಗ ಬಿಟ್ಟಿದ್ದು. ನೀ ಹೂಂ ಅಂದ್ರ ಖಾನಾಪುರಕ್ಕ ನಾನ ಬಂದು ಕರಕೊಂಡು ಹೋಗ್ತೀನಿ” ಎಂದೆ. ಅವಳು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಬಸ್ಸು ಹೋಯಿತು.

ಎಂಟು ದಿನ ಸುದ್ದಿಯಿಲ್ಲ. ಒಂಬತ್ತನೆಯ ದಿನ ಹನ್ನೊಂದರ ಸುಮಾರಿಗೆ ಖಾನಾಪುರದ ಬಸ್ಸಿನ ಕಂಡಕ್ಟರು ಪ್ರೆಸ್ಸಿಗೆ ಬಂದು ನನ್ನ ಕೈಗೆ ಒಂದು ಚೀಟಿ ಕೊಟ್ಟ. ಹಳೆಯ ಪ್ರೂಫಿನ ಹಿಂದೆ ಅವಳ ದುಂಡು ಅಕ್ಷರ: ‘ನಾನು ಮನೆಯವರಿಗೆ ಬಿಟ್ಟಿದ್ದೇನೆ. ದಾರಿ ನೋಡುತ್ತೇನೆ.’

ನಿನಗೆ ಬಿಟ್ಟದ್ದು ಎಂದು ನಾನು ಹೇಳಿದ್ದೆ. ಅವಳು ಮನೆಯವರಿಗೆ ಬಿಟ್ಟಿದ್ದಾಳೆ. ಅವರು ಏನು ಹೇಳುತ್ತಾರೋ ಎಂದು ದಾರಿ ನೋಡುತ್ತಿದ್ದಾಳೆ. ಮನೆಯವರು ಹೇಳುವುದೇನೆಂದು ಗೊತ್ತೇ ಇತ್ತು. ಅಂದರೆ ಮುಗಿಯಿತು. ಆದರೆ ನನ್ನ ಯೋಗ್ಯತೆ ನೋಡಿ: ದುಃಖ ಬರುವ ಮೊದಲು ನನಗೆ ಹೆಮ್ಮೆ ಬಂತು. ಒಂದು ವರ್ಷದಲ್ಲಿ ಅವಳು ಬರೆದ ಮೊದಲ ತಪ್ಪಿಲ್ಲದ ವಾಕ್ಯ! ‘ಗೆ’ ಇರಬೇಕಾದ ಕಡೆಯೇ ‘ಗೆ’ ಇದೆ! ಕೈ ತಾನಾಗಿ ಪೆನ್ನು ತೆಗೆಯಿತು. ಚೀಟಿಯ ಕೆಳಗೆ ‘ತಿದ್ದುಪಡಿ ಇಲ್ಲ’ ಎಂದು ಬರೆದು, ಸಹಿಯನ್ನೂ ಹಾಕಿದೆ. ಆಮೇಲೆ ಒಂದು ನಾಮಕರಣದ ಪತ್ರಿಕೆಯನ್ನು ಮೂರು ಸಲ ಓದಿ, ಒಂದಕ್ಷರವೂ ತಲೆಗೆ ಹೋಗದೆ, ಹೊತ್ತಿಗೆ ಮುಂಚೆ ಕಾಕತಿಗೆ ಹೊರಟೆ.

ಅವ್ವ ಹಿತ್ತಲಲ್ಲಿ ಹಾಲು ಹಿಂಡುತ್ತಿದ್ದಳು. ಹಳೆಯ ಎಮ್ಮೆಯ ಮೊಮ್ಮಗಳು, ಒದೆಯುವುದರಲ್ಲಿ ಅಜ್ಜಿಯನ್ನೇ ಹೋಲುತ್ತಿತ್ತು. ನನ್ನ ಮೋರೆ ನೋಡಿ ಏನಾಯಿತೆಂದಳು. “ನೀ ಅಂದಂಗ ಆತು. ಅಕಿ ಬರಂಗಿಲ್ಲ” ಎಂದು ಚೀಟಿ ಓದಿ ಹೇಳಿದೆ.

ಚರಿಗೆಗೆ ಹಾಲು ಬೀಳುವ ಸದ್ದು ನಿಂತಿತು. ಅವ್ವ ಸುಮ್ಮನೆ ಕೂತಳು. ಎಮ್ಮೆ ಯಾಕೆಂದು ತಿರುಗಿ ನೋಡಿತು. ಆಮೇಲೆ ಅವ್ವ, “ಇನ್ನೊಮ್ಮೆ ಓದು” ಎಂದಳು. ಓದಿದೆ.

“ಯಾವಾಗ ಬಂತು ಇದು?”

“ಹನ್ನೊಂದಕ್ಕ.”

“ಈಗ ನಾಕ ಹೊಡದ ಹೋಗೇತಿ. ಏ ಹುಚ್ಚಪ್ಪಾ, ಅಕಿ ಮನಿಯವ್ರನ್ನ ಬಿಟ್ಟು ಬಂದಾಳೋ! ಖಾನಾಪುರ ಸ್ಟ್ಯಾಂಡಿನ್ಯಾಗ ನಿನ್ನ ದಾರಿ ನೋಡಾಕತ್ತಾಳ!”

“ಇಲ್ಲಬೇ. ಹಂಗಿದ್ರ ‘ಮನೆಯವರನ್ನು’ ಅಂತ ಇರತಿತ್ತು. ಇದು ಚತುರ್ಥಿ ವಿಭಕ್ತಿ—”

“ನಿನ್ನ ವಿಭಕ್ತಿ ಒಲಿಗೆ ಹಾಕು! ಇಪ್ಪತ್ತು ವರ್ಷ ಬೆಳಗಾವ್ಯಾಗ ಮರಾಠಿ ಮಂದಿ ಮನಿಗೆ ಹಾಲು ಹಾಕೇನಿ ನಾ. ಮುಂಜಾನಿ ಒಬ್ಬಾಕಿ, ‘ಮಗಳಿಗೆ ಸಾಲಿಗೆ ಬಿಟ್ಟು ಬರ್ತೀನಿ, ನಿಂದರ್ರಿ’ ಅಂದ್ಲು. ಹಂಗಂದ್ರ ಸಾಲೀನ ಮಗಳಿಗೆ ಬರದು ಕೊಟ್ಲೇನು? ಎದ್ದು ನಡಿ ಮೊದಲ!”

ಕಾಕತಿಯಿಂದ ಬೆಳಗಾವಿಗೆ ಒಂದು ಬಸ್ಸು, ಅಲ್ಲಿಂದ ಖಾನಾಪುರಕ್ಕೆ ಇನ್ನೊಂದು. ಮಚ್ಛೆಯಲ್ಲಿ ಕಾರ್ಖಾನೆ ಬಿಟ್ಟ ಮಂದಿಯೆಲ್ಲ ಹತ್ತಿ, ಬಸ್ಸು ಆಮೆಯಾಯಿತು. ನಾನು ಕಂಬಿಗೆ ಜೋತು ಬಿದ್ದು ‘ಮನೆಯವರಿಗೆ, ಮನೆಯವರನ್ನು’ ಎಂದು ಗುಣುಗುಣಿಸುತ್ತಿದ್ದೆ. ಪಕ್ಕದವನು ನನ್ನ ಕೆಂಪು ಕಲೆಯನ್ನೂ ತುಟಿಗಳನ್ನೂ ನೋಡಿ ಸ್ವಲ್ಪ ಸರಿದು ನಿಂತ. ಅವಳು ಹೋಗಿಬಿಟ್ಟಿದ್ದರೆ? ಹೋಗುವುದಾದರೂ ಎಲ್ಲಿಗೆ? ಅವಳ ಅಪ್ಪ, ಹೊಸ್ತಿಲು ದಾಟಿದರೆ ತಿರುಗಿ ಬರಬೇಡ ಎಂದಿದ್ದನಂತೆ. ಅದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಸ್ಸಿಳಿದು ಓಡುತ್ತಿದ್ದೆ, ಇನ್ನೂ ತಡವಾಗುತ್ತಿತ್ತು.

ಅವಳು ಸ್ಟ್ಯಾಂಡಿನ ಕೊನೆಯ ಬೆಂಚಿನ ಮೇಲೆ, ತೊಡೆಯ ಮೇಲೊಂದು ಬಟ್ಟೆಯ ಚೀಲ ಇಟ್ಟುಕೊಂಡು ಕೂತಿದ್ದಳು. ಮುಂಜಾನೆ ಹತ್ತರಿಂದ ಕೂತವಳು. ಬಂದ ಪ್ರತಿ ಬಸ್ಸಿನ ಬಾಗಿಲನ್ನೂ ನೋಡಿ ನೋಡಿ ಅವಳ ಕಣ್ಣು ಬತ್ತಿಹೋಗಿತ್ತು. ನನ್ನನ್ನು ಕಂಡು ಎದ್ದಳು. “ನಿಮಗ ಇಷ್ಟೊತ್ತು ಯಾಕ ಆತ್ರೀ?” ಎಂದಳು. ಆಗ ನಾನು ಮಾಡಿದ್ದೇನು ಗೊತ್ತೇ? ತಪ್ಪಾಯಿತು ಎನ್ನಲಿಲ್ಲ. ಕೈ ಹಿಡಿಯಲಿಲ್ಲ. ಚೀಟಿ ತೆಗೆದು, ದ್ವಿತೀಯೆಗೂ ಚತುರ್ಥಿಗೂ ಇರುವ ವ್ಯತ್ಯಾಸವನ್ನು ಉದಾಹರಣೆ ಸಮೇತ ವಿವರಿಸಿದೆ.

ಅವಳು ಪೂರ್ತಿ ಕೇಳಿಸಿಕೊಂಡಳು. “ಚತುರ್ಥಿ ಅಂದ್ರ ಗಣಪತೀದಲ್ಲೇನ್ರೀ?” ಎಂದಳು. “ನಾ ಮುಂಜಾನಿಂದ ಬರೇ ನೀರ ಕುಡದೇನಿ. ಮೊದಲ ಏನರೆ ತಿನ್ನಸ್ರಿ, ಆಮ್ಯಾಲೆ ಚತುರ್ಥಿ ಮಾಡೂಣು.” ಎದುರಿನ ಹೋಟೆಲಿನಲ್ಲಿ ಅವಳು ಒಂದು ತಾಟು ಪುರಿ ತಿಂದು ಮುಗಿಸಿದಳು. ಆಮೇಲೆ ಅತ್ತಳು. ಚೀಟಿಯ ಕೆಳಗೆ ನನ್ನ ಕೆಂಪು ಷರಾ ಅವಳ ಕಣ್ಣಿಗೆ ಬಿದ್ದದ್ದು ಆಗಲೇ. ನನಗೆ ನನ್ನ ಮೇಲೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ.

ನಮ್ಮ ಲಗ್ನಪತ್ರಿಕೆ ಬರೆಯಲು ಕೂತಾಗ ಪೇಚಿಗೆ ಸಿಕ್ಕಿಕೊಂಡೆ. ‘ನಮ್ಮ ಮಗಳನ್ನು’ ಎಂದು ಬರೆಯಲು ಅವಳ ಕಡೆಯವರು ಯಾರೂ ಇರಲಿಲ್ಲ. ಕೊಡುವವರೇ ಇಲ್ಲದ ಮೇಲೆ ಅವಳಿಗೆ ‘ಅನ್ನು’ ಹಚ್ಚುವುದು ಹೇಗೆ? ಬಹಳ ಹೊಡೆದು ತಿದ್ದಿ, ‘ಸುರೇಖಾ ನನ್ನನ್ನು ಮದುವೆಯಾಗುತ್ತಿದ್ದಾಳೆ, ದಯವಿಟ್ಟು ಬನ್ನಿ’ ಎಂದು ಬರೆದೆ. ಅವ್ವನಿಗೆ ಓದಿ ಹೇಳಿದೆ. ಅವಳು ನಕ್ಕಳು. “ಹಂಗಾರ ಈಗ ಕರ್ಮ ನೀನ ಆದೆ ಬಿಡು!”

ಸುರೇಖಾಳ ಅಪ್ಪ ಮೂರು ವರ್ಷ ಮಾತಾಡಲಿಲ್ಲ. ಆಮೇಲೆ ಒಂದು ದಿನ ಹೊಸ ಅಕ್ಕಿಯ ಚೀಲ ಹೊತ್ತು ತಾನೇ ಬಂದ. ಅಷ್ಟರಲ್ಲಿ ಅತ್ತೆ ಸೊಸೆ ಇಬ್ಬರೂ ಸೇರಿ ಯಾವ ವ್ಯಾಕರಣಕ್ಕೂ ಸಿಗದ ಒಂದು ಭಾಷೆ ಮಾಡಿಕೊಂಡಿದ್ದರು. ಅದರಲ್ಲಿ ನನ್ನನ್ನು ಬೈಯಲು ಬೇಕಾದ ಪದಗಳೆಲ್ಲ ಇದ್ದವು. ಅವ್ವ ತೀರಿಕೊಂಡು ಈಗ ಎರಡು ವರ್ಷ. ಕೊನೆಯ ದಿನಗಳಲ್ಲಿ ಅವಳ ಕಾಲು ತಿಕ್ಕುತ್ತ ನಾನು ಕೇಳಿದೆ, ಅವತ್ತು ಹಾಲು ಹಿಂಡುವುದು ಬಿಟ್ಟು ಯಾಕೆ ಸುಮ್ಮನೆ ಕೂತಿದ್ದೆ ಎಂದು.

“ಒಮ್ಮಿ ಕೇಳಿದ ಕೂಡಲೇ ನನಗ ತಿಳದಿತ್ತೋ” ಎಂದಳು. “ಹೇಳೂದೋ ಬ್ಯಾಡೋ ಅಂತ ಕುಂತಿದ್ನಿ. ನಾ ಸುಮ್ನಿದ್ದಿದ್ರ ನಿನ್ನ ವ್ಯಾಕರಣಾನ ನನ್ನ ಕೆಲಸ ಮುಗಸತಿತ್ತು. ಖರೇ, ಯಾರದೋ ಮಗಳು ಸ್ಟ್ಯಾಂಡಿನ್ಯಾಗ ಕುಂತಾಳಲ್ಲ ಅನಸ್ತು.”

ಅಂದರೆ ನನ್ನ ಸಂಸಾರ ನಿಂತಿರುವುದು ಅವ್ವ ಎರಡನೆಯ ಸಲ ಓದಿಸಿದ ಆ ಎರಡು ಸಾಲಿನ ಮೇಲೆ. ನಾನು ಓದಿದ್ದೆಲ್ಲ ಅದನ್ನು ಕೆಡಿಸುವುದಕ್ಕೇ ಸಾಕಾಗಿತ್ತು. ಚೀಟಿ ಈಗ ಸುರೇಖಾಳ ಟ್ರಂಕಿನಲ್ಲಿದೆ. ಜಗಳವಾದಾಗ ಹೊರಗೆ ಬರುತ್ತದೆ. ನನ್ನ ಷರಾ, ನನ್ನ ಸಹಿ, ನನ್ನ ಕೆಂಪು. ನಾನು ಬಾಯಿ ಮುಚ್ಚುತ್ತೇನೆ.

ಇದನ್ನು ಬರೆಯುತ್ತ ಕೂತಿರುವಾಗಲೇ ಬಾಗಿಲಲ್ಲಿ ನೆರೆಮನೆಯ ಅಕ್ಕ ಬಂದು ನಿಂತಿದ್ದಾರೆ. ಗಲ್ಲಿಯ ಹೆಣ್ಣುಮಕ್ಕಳೆಲ್ಲ ಸೇರಿ ಗಾಡಿ ಮಾಡಿದ್ದಾರಂತೆ. “ನಾಕ ದಿನ ಸವದತ್ತಿ, ಬಾದಾಮಿ ಅಡ್ಡಾಡಿ ಬರೂಣು, ಬರ್ರಿ ವೈನಿ” ಎನ್ನುತ್ತಿದ್ದಾರೆ. ಸುರೇಖಾಳಿಗೆ ಊರು ನೋಡುವ ಆಸೆ ಬಹಳ. ನನಗೆ ಹೋದ ತಿಂಗಳಷ್ಟೇ ಕಣ್ಣಿನ ಆಪರೇಶನ್ ಆಗಿದೆ. ಹೊತ್ತಿಗೆ ಸರಿಯಾಗಿ ಕಣ್ಣಿಗೆ ಔಷಧ ಹಾಕುವವಳು ಅವಳೇ. ಹೋಗಿ ಬಾ ಎನ್ನಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಉತ್ತರ ಕೇಳಿಸಿತು.

“ಇಲ್ರೀ ಅಕ್ಕಾರ. ಮನಿಯವ್ರಿಗೆ ಬಿಟ್ಟು ನಾ ಎಲ್ಲೂ ಬರಂಗಿಲ್ಲ.”

ಅದೇ ಮಾತು, ಅದೇ ತಪ್ಪು. ಈ ಸಲ ಮನೆಯವರು ಅಂದರೆ ನಾನು. ಕೈ ತಾನಾಗಿ ಕಿಸೆಗೆ ಹೋಗಿ ಪೆನ್ನು ಮುಟ್ಟಿತು. ಅದನ್ನು ಅಲ್ಲಿಯೇ ಬಿಟ್ಟೆ. ತಿದ್ದುಪಡಿ ಇಲ್ಲ.